ದೊಡ್ಡ ಬ್ಯಾಟರಿ ತರುವ ಮೊದಲು ಕರೆಂಟಿನ ಲೆಕ್ಕ ಹಾಕಿ

ಪ್ರಶ್ನೆ: ನಾನು ಮಲ್ಪೆಯವನು, ಕೆಲಸ ಮಣಿಪಾಲದಲ್ಲಿ. ನನ್ನದು 2021ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಇದುವರೆಗೆ 32 ಸಾವಿರ ಕಿಲೋಮೀಟರ್ ಓಡಿದೆ. ಜೂನ್ ಕೊನೆಗೆ ಉಡುಪಿಯಿಂದ ಮನಾಲಿ ಮೂಲಕ ಲಡಾಖಿಗೆ ಒಬ್ಬನೇ ಹೊರಡುವ ಯೋಚನೆ ಉಂಟು. ಎರಡು ಫಾಗ್ ಲ್ಯಾಂಪ್, ಮೊಬೈಲ್ ಚಾರ್ಜರ್, ಜಿಪಿಎಸ್, ಹ್ಯಾಂಡಲಿಗೆ ಬಿಸಿ ಗ್ರಿಪ್, ಟಯರಿಗೆ ಗಾಳಿ ಹಾಕುವ ಸಣ್ಣ ಪಂಪ್ ಹಾಕಿಸಬೇಕೆಂದಿದ್ದೇನೆ. ಒಬ್ಬರು ದೊಡ್ಡ ಬ್ಯಾಟರಿ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಲಿಥಿಯಂ ಹಾಕಿ ಎನ್ನುತ್ತಾರೆ, ಮತ್ತೊಬ್ಬರು ವೈರಿಂಗ್ ಮುಟ್ಟಲೇಬೇಡಿ ಎನ್ನುತ್ತಾರೆ. ನನ್ನ ಬೈಕ್ ಎಷ್ಟು ತಡೆಯುತ್ತದೆ? ಕೆಲಸ ಹೇಗೆ ಮಾಡಿಸಬೇಕು?

ಉತ್ತರ: ನೀವು ಹೇಳಿದ ಐದರಲ್ಲಿ ನಾಲ್ಕನ್ನು ಧೈರ್ಯವಾಗಿ ಹಾಕಿಸಿ. ಬಿಸಿ ಗ್ರಿಪ್ ಒಂದನ್ನು ಬಿಡಿ. ಬ್ಯಾಟರಿ ಕಂಪನಿ ಕೊಟ್ಟ ಅಳತೆಯದೇ ಇರಲಿ, ಲಿಥಿಯಂ ಬೇಡ. ಇದಕ್ಕೆಲ್ಲ ಕಾರಣ ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು, ಕೆಲಸ ಯಾರ ಕೈಯಲ್ಲೇ ಮಾಡಿಸಿದರೂ ನೀವು ಬಿಟ್ಟುಕೊಡಬಾರದ ಷರತ್ತು ಒಂದುಂಟು: ಹೊಸದಾಗಿ ಹಾಕಿದ ಸಾಮಾನು ಕೆಟ್ಟರೂ, ಒದ್ದೆಯಾದರೂ, ಸುಟ್ಟೇ ಹೋದರೂ ಬೈಕ್ ನಿಲ್ಲಬಾರದು. ಫಾಗ್ ಲ್ಯಾಂಪ್ ಇಲ್ಲದೆ ಊರಿಗೆ ಬರಬಹುದು, ಇಗ್ನಿಷನ್ ಇಲ್ಲದೆ ಬರಲಿಕ್ಕಾಗುವುದಿಲ್ಲ.

ಈ ಷರತ್ತನ್ನು ನಾನು ಕಲಿತದ್ದು ಶಿರಾಡಿ ಘಾಟಿಯಲ್ಲಿ. ವೈರಿಂಗ್ ಕೆಲಸಕ್ಕೆ ಕೈ ಹಾಕಿದ ಮೊದಲ ವರ್ಷಗಳವು. ಜೋರು ಮಳೆಯ ಆಟಿ ತಿಂಗಳು, ರಾತ್ರಿ ಹತ್ತು ಗಂಟೆ ದಾಟಿತ್ತು. ಗುಂಡ್ಯ ಬಿಟ್ಟು ಸಕಲೇಶಪುರದ ಕಡೆಗೆ ಹತ್ತುತ್ತಿದ್ದಾಗ ಒಂದೇ ಕ್ಷಣದಲ್ಲಿ ಹೆಡ್‌ಲೈಟ್, ಮೀಟರ್, ಎಂಜಿನ್ ಎಲ್ಲವೂ ಆರಿಹೋಯಿತು. ಫಾಗ್ ಲ್ಯಾಂಪಿನ ಕರೆಂಟನ್ನು ನಾನೇ ಟ್ಯಾಂಕಿನ ಅಡಿಯಲ್ಲಿ ಇಗ್ನಿಷನ್ ವೈರಿನಿಂದ ಸುಲಿದು ಎಳೆದಿದ್ದೆ. ಆ ವೈರ್ ಫ್ರೇಮಿನ ಅಂಚಿಗೆ ತಿಕ್ಕಿ ತಿಕ್ಕಿ ಸಿಪ್ಪೆ ಹೋಗಿ ಫ್ರೇಮಿಗೇ ತಾಗಿತ್ತು. ಫ್ಯೂಸ್ ಹಾರಿತು, ಅದೇ ಫ್ಯೂಸಿನಲ್ಲಿ ಇಡೀ ಬೈಕ್ ಇತ್ತು. ಮಳೆಯಲ್ಲಿ, ಆ ಕತ್ತಲಲ್ಲಿ, ತಿರುವಿನ ಮಧ್ಯೆ ನಿಂತಿದ್ದೆ. ಹಿಂದೆ ಬಂದ ಲಾರಿಯ ಡ್ರೈವರ್ ಗಾಡಿ ನಿಲ್ಲಿಸಿ, ನಾನು ಬೈಕನ್ನು ಬದಿಗೆ ತಳ್ಳಿ ಮುಗಿಸುವ ತನಕ ಲೈಟ್ ಹಾಕಿಕೊಂಡೇ ಇದ್ದರು. ಅವರು ನಿಲ್ಲಿಸದೆ ಹೋಗಿದ್ದರೆ ಎಂದು ಈಗಲೂ ನೆನೆಯುತ್ತೇನೆ. ಅಂದಿನಿಂದ ಇಂದಿನವರೆಗೆ ಯಾರ ಬೈಕಿನಲ್ಲೂ ಇಗ್ನಿಷನ್ ವೈರನ್ನು ನಾನು ಮುಟ್ಟಿಲ್ಲ.

ಈಗ ಲೆಕ್ಕಕ್ಕೆ ಬರುವ. ಬೈಕಿನಲ್ಲಿ ಕರೆಂಟ್ ಹುಟ್ಟುವುದು ಎಂಜಿನ್ ಒಳಗಿನ ಮ್ಯಾಗ್ನೆಟ್ ಕಾಯಿಲಿನಲ್ಲಿ. ಬ್ಯಾಟರಿ ಅದನ್ನು ಹಿಡಿದಿಡುವ ಪಾತ್ರೆ ಅಷ್ಟೇ. ನಮ್ಮ ಮನೆಗಳ ಬಾವಿ, ಪಂಪು, ಮೇಲಿನ ಟ್ಯಾಂಕಿ ಇದ್ದ ಹಾಗೆ. ಪಂಪು ಗಂಟೆಗೆ ಐನೂರು ಲೀಟರ್ ಎತ್ತುವಾಗ ತೋಟಕ್ಕೆ ಏಳುನೂರು ಲೀಟರ್ ಬಿಟ್ಟರೆ ಎಷ್ಟು ದೊಡ್ಡ ಟ್ಯಾಂಕಿ ಕಟ್ಟಿಸಿದರೂ ಅದು ಖಾಲಿಯಾಗಿಯೇ ಆಗುತ್ತದೆ, ಸ್ವಲ್ಪ ತಡವಾಗಿ. ದೊಡ್ಡ ಬ್ಯಾಟರಿಯ ಸಲಹೆ ಕೊಟ್ಟವರು ಈ ಒಂದು ವಿಷಯ ಮರೆತಿದ್ದಾರೆ. ಅದರ ಜೊತೆಗೆ, ಅಳತೆ ಮೀರಿದ ಬ್ಯಾಟರಿಯನ್ನು ಆ ಪೆಟ್ಟಿಗೆಯಲ್ಲಿ ಕೂರಿಸಲು ಹೋಗಿ ಟರ್ಮಿನಲ್ ಮೇಲೆ ಒತ್ತಡ ಬೀಳುತ್ತದೆ, ಕೆಟ್ಟ ರಸ್ತೆಯ ಅಲುಗಾಟಕ್ಕೆ ಅದು ಸಡಿಲವಾಗುತ್ತದೆ.

ಹಾಗಾದರೆ ನಿಮ್ಮ ಪಂಪು ಎಷ್ಟು ಎತ್ತುತ್ತದೆ? ಪುಸ್ತಕದಲ್ಲಿ ಬರೆದ ಸಂಖ್ಯೆ ಹೊಸ ಬೈಕಿನದ್ದು, ಎಂಜಿನ್ ಚೆನ್ನಾಗಿ ತಿರುಗುವಾಗಿನದ್ದು. 32 ಸಾವಿರ ಓಡಿದ ನಿಮ್ಮ ಬೈಕಿನಲ್ಲಿ ಎಷ್ಟು ಮಿಗುತ್ತದೆ ಎಂದು ಅಳೆದೇ ನೋಡಬೇಕು. ಅದಕ್ಕೆ ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್ ಮತ್ತು ಒಂದು ಹಳೆಯ ಹೆಡ್‌ಲೈಟ್ ಬಲ್ಬ್. ನಿಮ್ಮ ಬೈಕಿನ ಬಲ್ಬ್ ಎಚ್4, 60/55 ವ್ಯಾಟಿನದು. ಅಂಥದ್ದೇ ಒಂದು ಹಳೆಯ ಬಲ್ಬಿಗೆ 15 ಆಂಪ್ ಫ್ಯೂಸ್ ಇರುವ ವೈರ್ ಹಾಕಿ, ಬ್ಯಾಟರಿಗೆ ನೇರ ಕೊಡಿ. ಬಲ್ಬ್ ಕೈ ಸುಡುವಷ್ಟು ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಮೇಲೆ ಇಡಬೇಡಿ. ಡಿಮ್ ತಂತಿ ಒಂದನ್ನೇ ಉರಿಸಿದರೆ 55 ವ್ಯಾಟ್ ಹೊರೆ, ಎರಡನ್ನೂ ಉರಿಸಿದರೆ 115 ವ್ಯಾಟ್. ಎಂಜಿನ್ ಬಿಸಿಯಾದ ಮೇಲೆ, ಬೈಕಿನ ಹೆಡ್‌ಲೈಟ್ ಹೈ ಬೀಮಿನಲ್ಲಿಟ್ಟು, ನೀವು ಸಾಮಾನ್ಯವಾಗಿ ಓಡಿಸುವ ಆರ್‌ಪಿಎಂನಲ್ಲಿ ಹಿಡಿದು ಬ್ಯಾಟರಿ ಟರ್ಮಿನಲಿನಲ್ಲಿ ವೋಲ್ಟೇಜ್ ನೋಡಿ. 55 ವ್ಯಾಟ್ ಸೇರಿಸಿದ ಮೇಲೂ 13.5 ವೋಲ್ಟ್ ದಾಟಿ ನಿಂತರೆ ಅಷ್ಟು ಮಿಗುತ್ತದೆ ಎಂದರ್ಥ. 115ಕ್ಕೆ ಹೋದಾಗ 13ಕ್ಕಿಂತ ಕೆಳಗೆ ಇಳಿದರೆ ನಿಮ್ಮ ಮಿತಿ ಆ ಎರಡರ ನಡುವೆ ಎಲ್ಲೋ ಇದೆ. ನಂತರ ಇದನ್ನೇ ಐಡ್ಲಿಂಗಿನಲ್ಲಿ ಮಾಡಿ. ಅಲ್ಲಿ ವೋಲ್ಟೇಜ್ ಸರಸರನೆ ಇಳಿಯುವುದು ಕಾಣುತ್ತದೆ. ಗಾಬರಿ ಬೇಡ, ಹೆಚ್ಚಿನ ಬೈಕುಗಳೂ ಹಾಗೆಯೇ. ಆದರೆ ಆ ಸಂಖ್ಯೆ ನೆನಪಿರಲಿ: ಗುಡ್ಡ ಕುಸಿದು ಗಂಟೆಗಟ್ಟಲೆ ಸಾಲಿನಲ್ಲಿ ನಿಂತಾಗ, ಎಂಜಿನ್ ಓಡುತ್ತಾ ಇದ್ದರೂ ಬ್ಯಾಟರಿ ಖಾಲಿಯಾಗುವುದು ಹೀಗೆ.

ಈಗ ನಿಮ್ಮ ಸಾಮಾನಿನ ಹೊರೆ ನೋಡುವ. 20 ವ್ಯಾಟಿನ ಎರಡು ಫಾಗ್ ಲ್ಯಾಂಪ್ ಅಂದರೆ 40. ಬೇಗ ಚಾರ್ಜ್ ಆಗುವ ಮೊಬೈಲ್ ಚಾರ್ಜರ್ 18. ಜಿಪಿಎಸ್ 10ರ ಒಳಗೆ. ಬಿಸಿ ಗ್ರಿಪ್ ಸುಮಾರು 35. ಒಟ್ಟು ನೂರರ ಆಚೆ, ಅಂದರೆ ಏಳೂವರೆ ಆಂಪ್. ಗ್ರಿಪ್ ತೆಗೆದರೆ 68 ವ್ಯಾಟ್, ಐದು ಆಂಪ್. ಈ ಐದು ಆಂಪನ್ನು ಆರೋಗ್ಯವಾಗಿರುವ ಚಾರ್ಜಿಂಗ್ ತಡೆದುಕೊಳ್ಳುತ್ತದೆ ಎಂದು ನನ್ನ ಎಣಿಕೆ, ನಿಮ್ಮ ಅಳತೆಯೇ ಕೊನೆಯ ಮಾತು. ಬಿಸಿ ಗ್ರಿಪ್ ಬೇಡ ಎಂದದ್ದು ಇದಕ್ಕೆ. ಜುಲೈಯಲ್ಲಿ ಹೋಗುವವರಿಗೆ ಚಳಿ ಕಾಡುವುದು ಬಾರಾಲಾಚಾ ಲಾ, ತಂಗ್ಲಾಂಗ್ ಲಾ ಇಂಥ ಎತ್ತರದ ಪಾಸುಗಳಲ್ಲಿ ಬೆಳಗಿನ ಹೊತ್ತು ಕೆಲವು ಗಂಟೆ ಮಾತ್ರ. ಕೈಗೆ ಗಾಳಿ ತಡೆಯುವ ಹ್ಯಾಂಡ್‌ಗಾರ್ಡ್, ನೀರು ಇಳಿಯದ ದಪ್ಪ ಗ್ಲೌಸ್ ಇದ್ದರೆ ಆ ಗಂಟೆಗಳು ಕಳೆಯುತ್ತವೆ. ಅಷ್ಟಕ್ಕಾಗಿ ಹ್ಯಾಂಡಲಿನ ತುದಿಯವರೆಗೆ, ದಿನಕ್ಕೆ ಸಾವಿರ ಸಲ ತಿರುಗುವ ಆಕ್ಸಿಲರೇಟರಿನ ಒಳಗೆ ವೈರ್ ಓಡಿಸುವುದು ನನಗೆ ಸರಿ ಕಾಣುವುದಿಲ್ಲ.

ಲಿಥಿಯಂ ಬ್ಯಾಟರಿ ಹಗುರ, ಸೆಲ್ಫ್ ಹೊಡೆಯುವಾಗ ಬಲ ಜಾಸ್ತಿ, ನಿಜ. ಆದರೆ ಅದರ ಸೆಲ್‌ಗಳನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬಾರದು, ಒಳಗೆ ಲಿಥಿಯಂ ಲೋಹವಾಗಿ ಕೂತು ಸೆಲ್ ಶಾಶ್ವತವಾಗಿ ಕೆಡುತ್ತದೆ. ಬೈಕ್ ಸ್ಟಾರ್ಟ್ ಆದ ಕೂಡಲೇ ಚಾರ್ಜಿಂಗ್ ತಾನಾಗಿ ಶುರುವಾಗುತ್ತದೆ, ನಿಲ್ಲಿಸಲು ನಿಮ್ಮ ಕೈಯಲ್ಲಿಲ್ಲ. ಮನಾಲಿ-ಲೇಹ್ ದಾರಿಯ ಸರ್ಚುವಿನಲ್ಲಿ ಟೆಂಟಿನ ಹೊರಗೆ ರಾತ್ರಿಯಿಡೀ ನಿಂತ ಬೈಕಿಗೆ ಅದು ತಕ್ಕ ಬ್ಯಾಟರಿಯಲ್ಲ. ಮಾಮೂಲಿ ಸೀಲ್ಡ್ ಲೆಡ್ ಬ್ಯಾಟರಿಗೂ ಚಳಿಯಲ್ಲಿ ಶಕ್ತಿ ಕುಗ್ಗುತ್ತದೆ, ಆದರೆ ಬಿಸಿಲೇರಿದ ಮೇಲೆ ಅದು ಮತ್ತೆ ಬರುತ್ತದೆ. ನಿಮ್ಮ ಬೈಕಿನದ್ದು 12 ವೋಲ್ಟ್, 8 ಆಂಪ್-ಅವರಿನದು. ಕಂಪನಿಯಿಂದ ಬಂದ ಬ್ಯಾಟರಿಯೇ ಈಗಲೂ ಇದ್ದರೆ ಹೊರಡುವ ಒಂದು ತಿಂಗಳು ಮೊದಲು ಅದೇ ಅಳತೆಯ ಹೊಸದು ಹಾಕಿ. ಹಿಂದಿನ ದಿನ ಹಾಕಬೇಡಿ. ಹೊಸ ಬ್ಯಾಟರಿಯಲ್ಲೂ ದೋಷ ಇರಬಹುದು, ಅದು ಊರಲ್ಲೇ ಗೊತ್ತಾಗಲಿ. ನಿಮ್ಮ ಬೈಕಿಗೆ ಕಿಕ್ಕರ್ ಇಲ್ಲ ಎಂಬುದನ್ನೂ ನೆನಪಿಡಿ. ಫ್ಯೂಯಲ್ ಇಂಜೆಕ್ಷನ್ ಇರುವುದರಿಂದ ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿಯೂ ಪ್ರಯೋಜನವಿಲ್ಲ, ಪೆಟ್ರೋಲ್ ಪಂಪಿಗೇ ಕರೆಂಟ್ ಬೇಕು.

ವೈರಿಂಗಿನ ನಕ್ಷೆ ಹೀಗಿರಲಿ, ಕೆಲಸ ಮಾಡುವವರಿಗೆ ಇದನ್ನೇ ಓದಿ ಹೇಳಿ. ಬ್ಯಾಟರಿಯ ಪ್ಲಸ್‌ನಿಂದ 2.5 ಚದರ ಮಿಲಿಮೀಟರಿನ ಒಂದೇ ಒಂದು ವೈರ್ ಹೊರಡಬೇಕು. ಹೊರಟು ಒಂದು ಗೇಣು ದಾಟುವ ಮೊದಲೇ ಅದಕ್ಕೆ 15 ಆಂಪಿನ ಫ್ಯೂಸ್ ಬೀಳಬೇಕು. ಫ್ಯೂಸ್ ಕಾಪಾಡುವುದು ವೈರನ್ನು. ಫ್ಯೂಸಿಗಿಂತ ಮೊದಲಿನ ತುಂಡಿಗೆ ಯಾರ ಕಾವಲೂ ಇಲ್ಲ, ಆದ್ದರಿಂದ ಆ ತುಂಡು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಅಲ್ಲಿಂದ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) 30ನೇ ಕಾಲಿಗೆ, 87ರಿಂದ ಸೀಟಿನ ಅಡಿಯಲ್ಲಿ ಒಂದು ಸಣ್ಣ ಫ್ಯೂಸ್ ಬಾಕ್ಸಿಗೆ. ಬಾಕ್ಸಿನಿಂದ ಫಾಗ್ ಲ್ಯಾಂಪಿಗೆ 5 ಆಂಪ್, ಮೊಬೈಲ್ ಚಾರ್ಜರಿಗೆ 3, ಜಿಪಿಎಸ್‌ಗೆ 2, ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಫ್ಯೂಸ್. 85 ಅರ್ಥಿಗೆ. 86ಕ್ಕೆ ಬೇಕಾಗುವುದು ಕೀ ಆನ್ ಮಾಡಿದಾಗ ಮಾತ್ರ ಬರುವ ಸಣ್ಣ ಕರೆಂಟ್. ರಿಲೇಯ ಸುರುಳಿ ತಿನ್ನುವುದು ಒಂದು ಆಂಪಿನ ಆರನೇ ಒಂದು ಪಾಲಿನಷ್ಟು ಮಾತ್ರ. ಆ ಸಣ್ಣ ಕರೆಂಟನ್ನು ಹಿಂದಿನ ಪಾರ್ಕಿಂಗ್ ಲೈಟಿನ ಕಪ್ಲರಿನಿಂದ (ವೈರುಗಳನ್ನು ಸಿಕ್ಕಿಸಿ ಜೋಡಿಸುವ ಪ್ಲಗ್) ತೆಗೆದುಕೊಳ್ಳಿ, ಅದಕ್ಕೂ 1 ಆಂಪಿನ ಫ್ಯೂಸ್ ಹಾಕಿ. ಇಗ್ನಿಷನ್, ಪೆಟ್ರೋಲ್ ಪಂಪ್, ಎಬಿಎಸ್ ಈ ಮೂರರ ವೈರುಗಳ ಹತ್ತಿರ ಹೋಗಲೇಬೇಡಿ. ಕಂಪನಿಯ ವೈರನ್ನು ಕತ್ತರಿಸದೆ, ಅದೇ ನಮೂನೆಯ ಗಂಡು-ಹೆಣ್ಣು ಕಪ್ಲರ್ ತಂದು ನಡುವೆ ಒಂದು ತುಂಡು ಸೇರಿಸಿದರೆ ಬೇಡವಾದಾಗ ಕಳಚಿ ಮೊದಲಿನ ಹಾಗೆ ಮಾಡಬಹುದು.

ಗಾಳಿ ಪಂಪು ಮಾತ್ರ ಈ ಬಾಕ್ಸಿಗೆ ಬರಬಾರದು. ಅದು ಓಡುವಾಗ ಹತ್ತು ಆಂಪ್ ಹತ್ತಿರ ಎಳೆಯುತ್ತದೆ. ಬ್ಯಾಟರಿಯಿಂದ ನೇರವಾಗಿ, ತನ್ನದೇ 15 ಆಂಪ್ ಫ್ಯೂಸಿನೊಂದಿಗೆ, ಮುಚ್ಚಳ ಇರುವ ಎರಡು ಪಿನ್ನಿನ ಕಪ್ಲರ್ ಒಂದನ್ನು ಸೀಟಿನ ಬದಿಗೆ ತಂದಿಡಿ. ಪಂಪ್ ಬಳಸುವಾಗ ಎಂಜಿನ್ ಓಡುತ್ತಿರಲಿ. ಅದೇ ಕಪ್ಲರಿನಲ್ಲಿ ಊರಲ್ಲಿದ್ದಾಗ ಬ್ಯಾಟರಿ ಚಾರ್ಜರ್ ಕೂಡ ಸಿಕ್ಕಿಸಬಹುದು.

ರಿಲೇ ಎಂತಕ್ಕೆ, ಚಾರ್ಜರನ್ನು ನೇರ ಬ್ಯಾಟರಿಗೆ ಕೊಟ್ಟರಾಗದೇ ಎಂದು ಹಲವರು ಕೇಳುತ್ತಾರೆ. ಸಣ್ಣ ನೀಲಿ ದೀಪ ಉರಿಯುವ ಯುಎಸ್‌ಬಿ ಚಾರ್ಜರ್ ಸುಮ್ಮನೆ ಕೂತಿದ್ದರೂ 20 ಮಿಲಿಆಂಪಿನಷ್ಟು ಕುಡಿಯಬಹುದು. ದಿನಕ್ಕೆ ಅರ್ಧ ಆಂಪ್-ಅವರ್. ಎಂಟು ದಿನ ಬೈಕ್ ನಿಲ್ಲಿಸಿದರೆ ನಿಮ್ಮ ಎಂಟು ಆಂಪ್-ಅವರಿನಲ್ಲಿ ನಾಲ್ಕು ಮಾಯ. ರಿಲೇ ಇದ್ದರೆ ಕೀ ತೆಗೆದ ಕೂಡಲೇ ಆ ಕುಡಿತವೂ ನಿಲ್ಲುತ್ತದೆ. ಲೇಹ್‌ನಲ್ಲಿ ಎತ್ತರಕ್ಕೆ ಮೈ ಹೊಂದಿಸಿಕೊಳ್ಳಲು ಎರಡು ಮೂರು ದಿನ ಸುಮ್ಮನಿರುತ್ತೀರಿ, ರಾತ್ರಿ ಚಳಿಯೂ ಇರುತ್ತದೆ. ಅಲ್ಲಿ ಸೆಲ್ಫ್ ಎತ್ತದಿದ್ದರೆ ಕಾರಣ ಹುಡುಕಿ ಸುಸ್ತಾಗುತ್ತೀರಿ.

ಇನ್ನು ಜೋಡಣೆ. ಇದರ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ನಮ್ಮ ಊರಿಗೆ ಇದು ಬೇರೆಯವರಿಗಿಂತ ಹೆಚ್ಚು ಬೇಕು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಜೊತೆಗೆ ಉಪ್ಪು ಗಾಳಿ. ನೀವು ಮಲ್ಪೆಯವರು, ಅಂಗಳದ ಕಬ್ಬಿಣದ ಗೇಟು ಎಷ್ಟು ವರ್ಷ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ತಾಮ್ರದ ವೈರಿನ ಗತಿಯೂ ಅದೇ. ಸುಲಿದ ತುದಿಯಿಂದ ಉಪ್ಪು ನೀರು ಒಳಸೇರಿ ಸಿಪ್ಪೆಯ ಒಳಗೇ ಕಿಲುಬು ಹಿಡಿಯುತ್ತಾ ಹೋಗುತ್ತದೆ. ಹೊರಗಿನಿಂದ ವೈರ್ ಹೊಸದರ ಹಾಗೆಯೇ ಕಾಣುತ್ತದೆ, ಕತ್ತರಿಸಿದರೆ ಒಳಗೆ ಹಸಿರು ಪುಡಿ. ಎರಡು ವೈರುಗಳನ್ನು ಕೈಯಲ್ಲಿ ಹೊಸೆದು ಮೇಲೆ ಕಪ್ಪು ಟೇಪ್ ಸುತ್ತಿದ ಜೋಡಣೆ ಒಂದು ಮಳೆಗಾಲ ಕಳೆದರೆ ಅದೃಷ್ಟ. ಟೇಪಿನ ಅಂಟು ಸೆಕೆಗೆ ಕರಗಿ ಬಿಚ್ಚಿಕೊಳ್ಳುತ್ತದೆ. ಸುಲಿಯದೆಯೇ ವೈರಿನ ಮೇಲೆ ಕಚ್ಚಿಸುವ ಪ್ಲಾಸ್ಟಿಕ್ ಕ್ಲಿಪ್‌ಗಳು ಅದಕ್ಕಿಂತ ಕೆಟ್ಟವು: ಒಳಗಿನ ಎಳೆಗಳನ್ನು ಕತ್ತರಿಸುತ್ತವೆ, ನೀರಿಗೆ ಬಾಗಿಲೂ ತೆರೆಯುತ್ತವೆ. ನಿಮ್ಮ ಬೈಕಿಗೆ ಅಂಥದ್ದನ್ನು ಹಾಕಲು ಹೊರಟರೆ ಬೇಡ ಎಂದು ಕೈ ಹಿಡಿದು ನಿಲ್ಲಿಸಿ.

ಸರಿಯಾದ ಕ್ರಮ ಇದು. ವೈರಿನ ದಪ್ಪಕ್ಕೆ ಸರಿಹೊಂದುವ ಲಗ್ (ವೈರಿನ ತುದಿಗೆ ಹಾಕುವ ಲೋಹದ ತುಂಡು), ಅದಕ್ಕೆಂದೇ ಇರುವ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿದ್ದು, ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್. ಬಿಸಿ ಮಾಡಿದಾಗ ಸ್ಲೀವಿನ ಎರಡೂ ತುದಿಯಲ್ಲಿ ಅಂಟು ಒಂದು ಹನಿ ಹೊರಗೆ ಬರಬೇಕು, ಆಗಲೇ ನೀರು ಒಳಗೆ ಹೋಗುವುದಿಲ್ಲ. ಇಕ್ಕಳದಲ್ಲಿ ಜಜ್ಜಿದ್ದನ್ನು ಒಪ್ಪಬೇಡಿ. ಲಗ್ ಹಿಡಿದು ಜೋರಾಗಿ ಎಳೆದು ನೋಡಿ, ಕಳಚಿದರೆ ಅಲ್ಲೇ ಗೊತ್ತಾಗಲಿ. ಸೋಲ್ಡರಿಂಗ್ ಗಟ್ಟಿಯಲ್ಲವೇ ಎಂದು ಕೇಳುವವರಿದ್ದಾರೆ. ರೇಡಿಯೋಗೆ ಹೌದು. ಬೈಕಿನಲ್ಲಿ ಸೀಸ ಹರಿದ ವೈರ್ ಕಡ್ಡಿಯ ಹಾಗೆ ಬಿರುಸಾಗುತ್ತದೆ, ಆ ಬಿರುಸು ಮುಗಿದು ಮೆತ್ತಗಿನ ವೈರ್ ಶುರುವಾಗುವ ಜಾಗದಲ್ಲಿ ಅಲುಗಾಟಕ್ಕೆ ಮುರಿಯುತ್ತದೆ.

ವೈರನ್ನು ಕೊಳ್ಳುವಾಗ ಕಲಾಯಿ ಹಾಕಿದ ತಾಮ್ರದ್ದು ಸಿಗುತ್ತದೋ ಕೇಳಿ. ನಮ್ಮ ಅಜ್ಜಿಯರು ತಾಮ್ರದ ಪಾತ್ರೆಗೆ ಹಾಕಿಸುತ್ತಿದ್ದ ಅದೇ ಕಲಾಯಿ, ಪ್ರತಿ ಎಳೆಗೂ ತವರದ ತೆಳು ಲೇಪ. ಬೋಟುಗಳಿಗೆಂದೇ ತಯಾರಾಗುವ ಸರಕು ಇದು, ನಿಮ್ಮ ಬಂದರಿನಲ್ಲಿ ಬೋಟಿನ ವೈರಿಂಗ್ ಮಾಡುವವರನ್ನು ವಿಚಾರಿಸಿದರೆ ದಾರಿ ಹೇಳಿಯಾರು. ಬೆಲೆ ಹೆಚ್ಚು, ಆದರೆ ನಿಮಗೆ ಬೇಕಾಗುವುದು ಐದಾರು ಮೀಟರ್. ಕಪ್ಲರುಗಳ ಒಳಗೆ ಡೈಎಲೆಕ್ಟ್ರಿಕ್ ಗ್ರೀಸ್, ಬ್ಯಾಟರಿ ಟರ್ಮಿನಲಿಗೆ ಪೆಟ್ರೋಲಿಯಂ ಜೆಲ್ಲಿ. ವೈರ್ ಯಾವುದೇ ಪೆಟ್ಟಿಗೆಯೊಳಗೆ ಹೋಗುವ ಮೊದಲು ಒಮ್ಮೆ ಕೆಳಗೆ ಬಾಗಿ ಮತ್ತೆ ಮೇಲೇರಲಿ. ಮಾಡಿನ ಅಂಚಿನಲ್ಲಿ ನೀರು ತೊಟ್ಟಿಕ್ಕುವ ಹಾಗೆ ಮಳೆಯ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಫ್ಯೂಸ್ ಬಾಕ್ಸಿಗೆ ಹರಿಯುವುದಿಲ್ಲ. ಫ್ರೇಮಿನ ಅಂಚು ತಾಗುವಲ್ಲೆಲ್ಲ ಸ್ಲೀವ್. ಹ್ಯಾಂಡಲಿನ ಬುಡದಲ್ಲಿ ವೈರಿಗೆ ಸಡಿಲ ಬಿಟ್ಟು, ಎರಡೂ ಕಡೆ ಲಾಕ್ ಆಗುವ ತನಕ ತಿರುಗಿಸಿ, ಎಲ್ಲಿಯೂ ಬಿಗಿಯುವುದಿಲ್ಲ ಎಂದು ಕಣ್ಣಾರೆ ನೋಡಿ. ಇಷ್ಟು ಮಾಡಿದ ಬೈಕನ್ನು ಊರಿನ ಮಳೆಯೂ ಲಡಾಖಿನಲ್ಲಿ ರಸ್ತೆಗೆ ಅಡ್ಡ ಹರಿಯುವ ನಾಲಾಗಳ ನೀರೂ ಸುಲಭದಲ್ಲಿ ನಿಲ್ಲಿಸುವುದಿಲ್ಲ.

ಅರ್ಥಿಂಗ್ ಬಗ್ಗೆ ಒಂದು ಮಾತು. ಪ್ಲಸ್‌ಗೆ ತೋರಿಸುವ ಕಾಳಜಿಯನ್ನು ಹೆಚ್ಚಿನವರು ಮೈನಸ್‌ಗೆ ತೋರಿಸುವುದಿಲ್ಲ. ಹತ್ತಿರದ ಯಾವುದೋ ಬೋಲ್ಟಿಗೆ ಸುತ್ತಿ ಬಿಡುತ್ತಾರೆ. ಬೋಲ್ಟಿನ ಅಡಿಯಲ್ಲಿ ಬಣ್ಣ, ಬಣ್ಣದ ಅಡಿಯಲ್ಲಿ ಆರು ತಿಂಗಳಲ್ಲಿ ತುಕ್ಕು. ಲೈಟ್ ಮಿಣಮಿಣ ಎನ್ನುತ್ತದೆ, ದೋಷ ಮಾತ್ರ ಲೈಟಿನ ಮೇಲೆ. ಎಲ್ಲ ಸಾಮಾನಿನ ಮೈನಸ್ ವೈರುಗಳೂ ಸೀಟಿನ ಅಡಿಯ ಒಂದೇ ಪಟ್ಟಿಗೆ ಬಂದು, ಅಲ್ಲಿಂದ ಪ್ಲಸ್‌ನಷ್ಟೇ ದಪ್ಪದ ವೈರಿನಲ್ಲಿ ಬ್ಯಾಟರಿಯ ಮೈನಸ್‌ಗೆ ಹೋಗಲಿ.

ನೀವು ಕೇಳದಿದ್ದರೂ ಹೆಡ್‌ಲೈಟ್ ಬಗ್ಗೆ ಹೇಳಬೇಕು, ಏಕೆಂದರೆ ಫಾಗ್ ಲ್ಯಾಂಪಿನ ಆಸೆ ಹುಟ್ಟುವುದೇ ಹೆಡ್‌ಲೈಟ್ ಮಂಕಾದಾಗ. ಹ್ಯಾಲೊಜನ್ ಬಲ್ಬಿಗೆ ಹೋಗುವ ಕರೆಂಟ್ ಕೀ, ಸ್ವಿಚ್, ಕಪ್ಲರ್ ಎಲ್ಲ ದಾಟಿ ಹೋಗುವಷ್ಟರಲ್ಲಿ ಸವೆಯುತ್ತದೆ. 13 ವೋಲ್ಟ್ ಸಿಗಬೇಕಾದಲ್ಲಿ 12 ಸಿಕ್ಕಿದರೆ ಬೆಳಕು ಹದಿಮೂರರಲ್ಲಿ ಒಂದು ಪಾಲು ಕಡಿಮೆಯಾಗುವುದಲ್ಲ, ಹತ್ತಿರಹತ್ತಿರ ಕಾಲು ಪಾಲು ಕಡಿಮೆಯಾಗುತ್ತದೆ. ಎಂಜಿನ್ ಓಡುವಾಗ ಬಲ್ಬಿನ ಹಿಂದೆ ಮತ್ತು ಬ್ಯಾಟರಿಯಲ್ಲಿ ಎರಡೂ ಕಡೆ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ಮೊದಲು ಕಪ್ಲರುಗಳನ್ನು ಬಿಚ್ಚಿ ತೊಳೆಯಿರಿ, ಆಮೇಲೂ ಹಾಗೆಯೇ ಇದ್ದರೆ ಹೆಡ್‌ಲೈಟಿಗೂ ರಿಲೇ ಹಾಕಿಸಿ. 100/90 ವ್ಯಾಟಿನ ಬಲ್ಬ್ ಬೇಡ, ಹೋಲ್ಡರ್ ಕರಗಿದ್ದನ್ನು ನೋಡಿದ್ದೇನೆ. ಹ್ಯಾಲೊಜನ್ ಗೂಡಿನಲ್ಲಿ ಎಲ್‌ಇಡಿ ಬಲ್ಬ್ ಸಿಕ್ಕಿಸುವುದೂ ಬೇಡ. ಬೆಳಕು ರಸ್ತೆಗೆ ಬೀಳುವ ಬದಲು ಎದುರಿನವರ ಕಣ್ಣಿಗೆ ಚೆಲ್ಲುತ್ತದೆ.

ಫಾಗ್ ಲ್ಯಾಂಪ್ ಹಳದಿ ಬಣ್ಣದ್ದು, ಅಗಲಕ್ಕೆ ಹರಡುವಂಥದ್ದು ಆರಿಸಿ, ಹೆಡ್‌ಲೈಟಿಗಿಂತ ಕೆಳಗೆ, ಕ್ರ್ಯಾಶ್ ಗಾರ್ಡಿಗೆ ಕಟ್ಟಿ, ಮೂಗು ತಗ್ಗಿಸಿ. ಆಗುಂಬೆಯ ಮಂಜಿನಲ್ಲಿ ಬಿಳಿ ಸ್ಪಾಟ್ ಲೈಟ್ ಹಾಕಿದವರಿಗೆ ಗೊತ್ತು, ಎದುರಿಗೆ ಬಿಳಿ ಗೋಡೆ ಎದ್ದ ಹಾಗಾಗುತ್ತದೆ. ಎದುರು ವಾಹನ ಬಂದಾಗ ಹೆಬ್ಬೆರಳಿಗೆ ಸಿಗುವಂತೆ ಆಫ್ ಸ್ವಿಚ್ ಇರಲಿ. ಕಿರಿದಾದ ಘಾಟಿಯಲ್ಲಿ ಕಣ್ಣು ಕುರುಡಾದ ಬಸ್ ಡ್ರೈವರ್ ಬಲಕ್ಕೆ ಬಂದರೆ ಬೀಳುವವರು ನಾವೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಮಿತಿ ಹಾಕುತ್ತದೆ. ದಾರಿಯಲ್ಲಿ ಏಳೆಂಟು ರಾಜ್ಯಗಳ ಪೊಲೀಸರು ಸಿಗುತ್ತಾರೆ, ದೀಪಗಳನ್ನು ಹಗಲು ಮುಚ್ಚಿಡಲು ಕವರ್ ಇಟ್ಟುಕೊಳ್ಳಿ.

ಮೊಬೈಲನ್ನು ಹ್ಯಾಂಡಲಿಗೆ ಕಟ್ಟಿ ಮಳೆಯಲ್ಲಿ ಚಾರ್ಜ್ ಮಾಡುವ ಯೋಜನೆ ಕೈಬಿಡಿ. ಒದ್ದೆಯಾದ ಪೋರ್ಟ್ ಚಾರ್ಜ್ ತಗೊಳ್ಳುವುದಿಲ್ಲ, ಅಲುಗಾಟಕ್ಕೆ ಕ್ಯಾಮೆರಾ ಕೆಡುವ ಸಂಭವವನ್ನು 2021ರಲ್ಲಿ ಆಪಲ್ ಕಂಪನಿಯೇ ಬೈಕಿನವರಿಗೆ ತಿಳಿಸಿತ್ತು. ಹ್ಯಾಂಡಲಿನಲ್ಲಿ ಜಿಪಿಎಸ್ ಇರಲಿ. ಚಾರ್ಜರ್ ಟ್ಯಾಂಕ್ ಬ್ಯಾಗಿನೊಳಗೆ ಒಂದು ಪವರ್ ಬ್ಯಾಂಕ್ ತುಂಬಿಸಲಿ, ಮೊಬೈಲ್ ಆ ಪವರ್ ಬ್ಯಾಂಕಿನಿಂದ ತುಂಬಲಿ.

ನಾನು ನಿಮ್ಮ ಪಟ್ಟಿಗೆ ಸೇರಿಸುವ ಒಂದೇ ಸಾಮಾನು ಸಣ್ಣ ವೋಲ್ಟ್ ಮೀಟರ್. ರಿಲೇಯ ನಂತರ ಜೋಡಿಸಿ, ಕಣ್ಣಿಗೆ ಬೀಳುವಲ್ಲಿ ಕೂರಿಸಿ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲು 12.6ರ ಆಸುಪಾಸು, ಓಡುವಾಗ 13.8ರಿಂದ 14.5ರ ನಡುವೆ ಇದ್ದರೆ ನೆಮ್ಮದಿಯಿಂದ ಹೋಗಿ. ಓಡುವಾಗಲೂ 13ಕ್ಕಿಂತ ಕೆಳಗೆ ಇಳಿದರೆ ಫಾಗ್ ಲ್ಯಾಂಪ್ ಆರಿಸಿ. ಆರಿಸಿದರೂ ಏರದಿದ್ದರೆ ಚಾರ್ಜಿಂಗಿನಲ್ಲೇ ತೊಂದರೆ, ಇರುವ ಬ್ಯಾಟರಿಯಲ್ಲಿ ಹತ್ತಿರದ ಊರು ಮುಟ್ಟಿ. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್) ಹೋಗಿದೆ, ಕೂಡಲೇ ನಿಲ್ಲಿಸಿ. ಹಾಗೆಯೇ ಓಡಿಸಿದರೆ ಬ್ಯಾಟರಿಯ ಜೊತೆ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುವನ್ನೂ ಕಳೆದುಕೊಳ್ಳಬಹುದು.

ಈ ಆರ್‌ಆರ್ ಯೂನಿಟನ್ನು ಹೊರಡುವ ಮೊದಲೇ ಒಮ್ಮೆ ನೋಡಬೇಕು. ಹೆಚ್ಚಿನ ಬೈಕುಗಳಲ್ಲಿ ಇದು ಮಿಕ್ಕಿದ ಕರೆಂಟನ್ನು ಕಾಯಿಲಿಗೇ ಶಾರ್ಟ್ ಮಾಡಿ ಬಿಸಿಯಾಗಿ ಕಳೆಯುವ ಜಾತಿಯದು. ಹಾಗಾಗಿ ಅದಕ್ಕೆ ಗಾಳಿ ಬೇಕು. ಕೆಸರು ಮೆತ್ತಿಕೊಂಡಿದ್ದರೆ, ಬ್ಯಾಗಿನ ಅಡಿ ಮುಚ್ಚಿಹೋಗಿದ್ದರೆ ಬೇಯುತ್ತದೆ. ಕಾಯಿಲಿನಿಂದ ಅದಕ್ಕೆ ಒಂದೇ ಬಣ್ಣದ ಮೂರು ವೈರ್ ಬರುತ್ತವೆ. ಆ ಕಪ್ಲರ್ ಬಿಚ್ಚಿ ನೋಡಿ. ಪ್ಲಾಸ್ಟಿಕ್ ಕಂದಾಗಿದ್ದರೆ ಕಪ್ಲರ್ ಈಗಲೇ ಬದಲಿಸಿ, ಅದು ಕರಗಲು ಶುರುವಾಗಿದೆ. ಕಪ್ಲರ್ ಕಳಚಿದಾಗಲೇ ಮಲ್ಟಿಮೀಟರಿನಲ್ಲಿ ಕಾಯಿಲಿನ ಕಡೆಯ ಮೂರರ ನಡುವೆ ಎರಡೆರಡು ಹಿಡಿದು ಓಮ್ಸ್ ನೋಡಿ. ಮೂರೂ ಅಳತೆ ಒಂದೇ ಇರಬೇಕು, ಸಾಮಾನ್ಯವಾಗಿ ಒಂದು ಓಮಿಗಿಂತ ಕಡಿಮೆ. ಯಾವುದಾದರೂ ಒಂದು ವೈರಿಗೂ ಬಾಡಿಗೂ ಸಂಪರ್ಕ ತೋರಿಸಿದರೆ ಕಾಯಿಲ್ ಸುಡುತ್ತಾ ಬಂದಿದೆ ಎಂದು ಲೆಕ್ಕ.

ಜೊತೆಗೆ ಒಯ್ಯಬೇಕಾದದ್ದು ಒಂದು ಟಿಫಿನ್ ಡಬ್ಬಿಯಲ್ಲಿ ಹಿಡಿಯುತ್ತದೆ: ಪ್ರತಿ ಅಳತೆಯ ನಾಲ್ಕು ಫ್ಯೂಸ್, ಒಂದು ರಿಲೇ, ಒಂದು ಹೆಡ್‌ಲೈಟ್ ಬಲ್ಬ್, ಎರಡು ಮೀಟರ್ ವೈರ್, ಹತ್ತು ಲಗ್, ಸಣ್ಣ ಕ್ರಿಂಪಿಂಗ್ ಟೂಲ್, ಬಟ್ಟೆ ಟೇಪ್, ಚಿಕ್ಕ ಮಲ್ಟಿಮೀಟರ್. ಮನಾಲಿ ದಾಟಿ ಲೇಹ್ ಕಡೆಗೆ ಹೋಗುವಾಗ ಸಿಗುವ ತಾಂಡಿಯ ಪೆಟ್ರೋಲ್ ಬಂಕಿನಲ್ಲಿ ಮುಂದಿನ ಬಂಕ್ 365 ಕಿಲೋಮೀಟರ್ ಎಂದು ಬರೆದ ಬೋರ್ಡ್ ಪ್ರಸಿದ್ಧ. ಪೆಟ್ರೋಲೇ ಸಿಗದ ದಾರಿಯಲ್ಲಿ ಆಟೋ ಎಲೆಕ್ಟ್ರಿಷಿಯನ್ ಸಿಗುತ್ತಾರೆಂದು ನಂಬಿ ಹೋಗಬೇಡಿ. ಹೊಸ ವೈರಿಂಗಿನ ನಕ್ಷೆಯನ್ನು ಕಾಗದದಲ್ಲಿ ಬರೆದು, ಯಾವ ಬಣ್ಣದ ವೈರ್ ಎಲ್ಲಿಗೆ ಎಂದು ಗುರುತಿಸಿ, ಪ್ಲಾಸ್ಟಿಕ್ ಹಾಕಿ ಸೀಟಿನ ಅಡಿಗೆ ಅಂಟಿಸಿ. ಚಳಿ, ದಣಿವು, ತೆಳು ಗಾಳಿ ಎಲ್ಲ ಸೇರಿದಾಗ ನಿಮ್ಮದೇ ವೈರಿಂಗ್ ನಿಮಗೇ ನೆನಪಾಗುವುದಿಲ್ಲ.

ಕೆಲಸ ಮೇ ತಿಂಗಳಲ್ಲೇ ಮುಗಿಸಿ. ಮಳೆ ಹಿಡಿದ ಮೊದಲ ವಾರದಲ್ಲಿ, ಲಡಾಖಿಗೆ ಒಯ್ಯುವಷ್ಟೇ ಸಾಮಾನು ಕಟ್ಟಿಕೊಂಡು ಒಂದು ಸುತ್ತು ಹೋಗಿ ಬನ್ನಿ: ಹೆಬ್ರಿ, ಆಗುಂಬೆ, ತೀರ್ಥಹಳ್ಳಿ, ನಗರ, ಹುಲಿಕಲ್ ಘಾಟಿ ಇಳಿದು ಸಿದ್ದಾಪುರ, ಕುಂದಾಪುರ. ವಾಪಸು ಬರುವುದು ರಾತ್ರಿಯಾಗಲಿ, ಎಲ್ಲ ದೀಪ ಉರಿಯಲಿ. ಹುಲಿಕಲ್ ಮೇಲೆ ಒಮ್ಮೆ ನಿಲ್ಲಿಸಿ ಎಲ್ಲ ಆನ್ ಇಟ್ಟು ಹತ್ತು ನಿಮಿಷ ಐಡ್ಲಿಂಗಿನಲ್ಲಿ ಬಿಡಿ, ವೋಲ್ಟ್ ಮೀಟರ್ ಎಲ್ಲಿಗೆ ಇಳಿಯಿತು ಬರೆದುಕೊಳ್ಳಿ. ಎಬಿಎಸ್ ದೀಪ ಉರಿದಿತ್ತೋ, ಯಾವ ಕಪ್ಲರ್ ಬಿಸಿಯಾಗಿತ್ತೋ ಅದನ್ನೂ ಬರೆಯಿರಿ. ಮರುದಿನ ಸೀಟ್ ತೆಗೆದು ಫ್ಯೂಸ್ ಬಾಕ್ಸಿನಲ್ಲಿ ನೀರಿದೆಯೇ ನೋಡಿ, ಕೀ ತೆಗೆದಿಟ್ಟು ಎಷ್ಟು ಮಿಲಿಆಂಪ್ ಸೋರುತ್ತದೆ ಅಳೆಯಿರಿ. ಆ ಅಳತೆಗಳನ್ನು ನನಗೆ ಕಳಿಸಿಕೊಡಿ. ಆರ್‌ಆರ್ ಯೂನಿಟ್ ಹೊಸದು ಹಾಕಬೇಕೋ, ಇದ್ದದ್ದನ್ನೇ ಬಿಟ್ಟು ಹೊಸದನ್ನು ಬ್ಯಾಗಿನಲ್ಲಿ ಒಯ್ಯಬೇಕೋ ಎಂದು ಅವನ್ನು ನೋಡಿದ ಮೇಲೆ ಹೇಳುತ್ತೇನೆ.